ರಾಮನ್ ಸಂಸ್ಥೆಯಲ್ಲಿ ಕಾಣದ ಅಯಾನುಗಳ ಲೆಕ್ಕ

ಬೆಂಗಳೂರಿನ ಮೇಖ್ರಿ ವೃತ್ತದ ಗದ್ದಲ ದಾಟಿ ರಾಮನ್ ಸಂಶೋಧನಾ ಸಂಸ್ಥೆಯ ಗೇಟು ಹೊಕ್ಕರೆ ಮೊದಲು ಎದುರಾಗುವುದು ಮರಗಳು. ಯಾದಗಿರಿಯಿಂದ ರಾತ್ರಿ ರೈಲಿಗೆ ಬಂದವರಿಗೆ ಈ ನೆರಳೇ ಒಂದು ಉಪಚಾರ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ ಇದು. 1970ರಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದೂ ಇದೇ ಆವರಣದಲ್ಲಿ. ಅಲ್ಲಿ ಸಮಾಧಿಯಿಲ್ಲ, ಒಂದು ಮರವಿದೆ.

ನಾವು ನೋಡಬೇಕಾದ್ದು ಇಲ್ಲಿನ ಭೌತವಿಜ್ಞಾನಿ ಸಾದಿಕ್ ರಂಗ್‌ವಾಲಾ ಅವರ ತಂಡದ ಕೆಲಸ. ಕಂಪನ ತಾಗದ ಮೇಜು, ಅದರ ತುಂಬ ಕನ್ನಡಿ, ಮಸೂರ. ನಡುವೆ ಗಾಳಿ ಹೀರಿ ತೆಗೆದ ಉಕ್ಕಿನ ಕೋಣೆ. 780 ನ್ಯಾನೋಮೀಟರಿನ ಲೇಸರ್ ಕಿರಣಗಳು ಆರು ದಿಕ್ಕಿನಿಂದ ಅಲ್ಲಿ ಕೂಡಿ ರುಬಿಡಿಯಂ ಪರಮಾಣುಗಳನ್ನು ಹಿಡಿದು ತಣಿಸುತ್ತವೆ. ಯಾದಗಿರಿಯ ಮೇ ತಿಂಗಳ ಬಿಸಿಲು ಸುಮಾರು 315 ಕೆಲ್ವಿನ್. ಈ ಪರಮಾಣುಗಳು ಒಂದು ಕೆಲ್ವಿನ್ನಿನ ಸಾವಿರದಲ್ಲೊಂದು ಪಾಲಿಗಿಂತಲೂ ತಣ್ಣಗೆ. ಅದೇ ಜಾಗದಲ್ಲಿ ವಿದ್ಯುತ್ ಕ್ಷೇತ್ರದ ಪಾಲ್ ಬಲೆಯೊಳಗೆ ರುಬಿಡಿಯಂ ಅಯಾನುಗಳು, ಅಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ಓಡಾಡುತ್ತಿರುತ್ತವೆ. ಅವು ಇಷ್ಟು ತಣ್ಣಗಿಲ್ಲ. ಗಮ್ಮತ್ತು ಶುರುವಾಗುವುದೇ ಅಲ್ಲಿ.

ಬಿರುಸಾಗಿ ಬಂದ ಅಯಾನು, ನಿಂತಂತಿರುವ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ಖೋ ಖೋ ಆಟದಲ್ಲಿ ಓಡುವವನು ಕೂತವನಿಗೆ ಖೋ ಕೊಟ್ಟ ಹಾಗೆ. ಆದರೆ ಇಲ್ಲಿ ಓಡುತ್ತಿದ್ದವನು ಕೂರುವುದಿಲ್ಲ, ಮೈದಾನದಾಚೆಗೆ ಹಾರಿಹೋಗುತ್ತಾನೆ. ಎಲೆಕ್ಟ್ರಾನ್ ಕಳೆದುಕೊಂಡ ತಣ್ಣನೆಯ ಪರಮಾಣುವೇ ಈಗ ಅಯಾನು! ಒಂದೇ ಡಿಕ್ಕಿಯಲ್ಲಿ ಬಿಸಿಯೆಲ್ಲ ಹೊರಗೆ.

ಅಯಾನಿನಷ್ಟೇ ತೂಕದ ಪರಮಾಣುಗಳಿಂದ ಪಾಲ್ ಬಲೆಯ ಅಯಾನು ತಣಿಯದು ಎಂಬ ಮಾತು 1968ರ ಮೇಜರ್–ಡೆಮೆಲ್ಟ್ ಲೆಕ್ಕಾಚಾರದಿಂದ ನಡೆದುಬಂದಿತ್ತು. ತಣಿಯುತ್ತದೆ ಎಂದು ಈ ತಂಡ 2012ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ತೋರಿಸಿತು. ಪರಮಾಣುಗಳು ಬಲೆಯ ನಡುವಿನಲ್ಲಷ್ಟೇ ಗುಂಪಾಗಿರುವುದು ಒಂದು ಕಾರಣ, ಎಲೆಕ್ಟ್ರಾನಿನ ಕೈಬದಲು ಇನ್ನೊಂದು. 2018ರಲ್ಲಿ ಸೌರವ್ ದತ್ತಾ ಮತ್ತು ರಂಗ್‌ವಾಲಾ ಸೀಸಿಯಂ ಅಯಾನನ್ನು ಹಗುರ ರುಬಿಡಿಯಂಗಿಂತ ಸೀಸಿಯಂ ಪರಮಾಣುವೇ ಚೆನ್ನಾಗಿ ತಣಿಸುವುದನ್ನು ಕಂಡರು. ನನ್ನ ಮಟ್ಟಿಗೆ ಎಲೆಕ್ಟ್ರಾನಿನ ಕೈಬದಲಿಗೆ ಇದೇ ಹೆಚ್ಚು ಖಚಿತ ಸಾಕ್ಷಿ: ಒಂದೇ ಜಾತಿಯವು ಎದುರಾದಾಗ ಎಲೆಕ್ಟ್ರಾನ್ ದಾಟಲು ಶಕ್ತಿಯ ಬೆಲೆ ತೆರಬೇಕಿಲ್ಲ.

ಅಳೆಯುವುದು ಹೇಗೆ? ಪರಮಾಣುಗಳ ಗುಂಪು ಹೊಳೆಯುತ್ತದೆ, ಅವಕೆಂಪು ಕ್ಯಾಮೆರಾಕ್ಕೆ ಕಾಣುತ್ತದೆ. ರುಬಿಡಿಯಂ ಅಯಾನು ಈ ಲೇಸರಿಗೆ ಸ್ಪಂದಿಸುವುದೇ ಇಲ್ಲ. ಹಾಗಾಗಿ ಬಲೆಯನ್ನು ಸಡಿಲಿಸಿ ಅಯಾನುಗಳನ್ನು ಶೋಧಕದತ್ತ ಎಸೆದು ಎಣಿಸುತ್ತಾರೆ. ಇಲ್ಲವೇ, ಅಯಾನುಗಳು ಜೊತೆಗಿದ್ದಾಗ ಪರಮಾಣುಗಳ ಹೊಳಪು ಎಷ್ಟು ಕುಂದಿತು ಎಂದು ನೋಡಿ ಡಿಕ್ಕಿಯ ದರ ಲೆಕ್ಕ ಹಾಕುತ್ತಾರೆ. ಕಳ್ಳನನ್ನು ನೋಡದೆ ಕಳುವಿನ ಮೊತ್ತದಿಂದಲೇ ಹಿಡಿಯುವ ಈ ಉಪಾಯ ನನಗೆ ಬಲು ಹಿಡಿಸಿತು.

ಎಲೆಕ್ಟ್ರಾನಿನ ಈ ಕೈಬದಲು ಬರಿ ಬಲೆಯೊಳಗಿನ ಆಟವಲ್ಲ. ಎಲೆಕ್ಟ್ರಾನ್ ಕಳಚಲು ಜಲಜನಕಕ್ಕೆ 13.60, ಆಮ್ಲಜನಕಕ್ಕೆ 13.62 ಎಲೆಕ್ಟ್ರಾನ್‌ವೋಲ್ಟ್ ಬೇಕು, ಅಂತರ ಕೂದಲೆಳೆಯಷ್ಟು. ತಾರೆಗಳ ನಡುವಣ ಮೋಡಗಳಲ್ಲಿ ಜಲಜನಕದ ಅಯಾನು ಆಮ್ಲಜನಕದಿಂದ ಎಲೆಕ್ಟ್ರಾನ್ ಕಸಿಯುತ್ತದೆ. ನೀರಿನ ಅಣು ಹುಟ್ಟುವ ದಾರಿಗಳಲ್ಲಿ ಒಂದು ಅಲ್ಲಿಂದ ಆರಂಭ.

ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳ ಭೌತಶಾಸ್ತ್ರ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಬೆಂಗಳೂರು ಪ್ರವಾಸವೆಂದರೆ ಲಾಲ್‌ಬಾಗ್, ವಿಧಾನಸೌಧಕ್ಕೇ ಮುಗಿಯಬೇಕಿಲ್ಲ. ಮೊದಲೇ ಪತ್ರ ಬರೆದು ಅನುಮತಿ ಪಡೆದು ಮಕ್ಕಳನ್ನು ಇಲ್ಲಿಗೂ ಕರೆತನ್ನಿ. ವಿದ್ಯಾರ್ಥಿಗಳು ಕೆಲಕಾಲ ಇಲ್ಲೇ ಇದ್ದು ಸಂಶೋಧನೆ ಕಲಿಯುವ ಕಾರ್ಯಕ್ರಮವೂ ಸಂಸ್ಥೆಯಲ್ಲಿದೆ. ನಮ್ಮ ಜಿಲ್ಲೆಯ ಮಕ್ಕಳು ಅರ್ಜಿ ಹಾಕಲಿ.