ವಾಚನ, ವ್ಯಾಖ್ಯಾನ ಮತ್ತು ಜಾಲತಾಣ: ಹೊರನಾಡಿನ ಕನ್ನಡ ಪೀಠಗಳ ಓದುಗವಲಯ

ವಿಶ್ವವಿದ್ಯಾಲಯದ ವಿದ್ವತ್ತು ಜನರನ್ನು ತಲಪಬೇಕೆಂಬ ಆಶಯ ಕನ್ನಡಕ್ಕೆ ಹೊಸದಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರುಗಳಿಗೆ ಹೋಗಿ ಮಾಡಿದ ಪ್ರಚಾರೋಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಚ್ಚಾದವು. ಹೊರನಾಡಿನ ಕನ್ನಡ ಪೀಠಗಳಿಗೆ ಈ ಅನುಕೂಲವಿಲ್ಲ. ನಮ್ಮ ಓದುಗರು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಚದುರಿದ್ದಾರೆ. ಆದ್ದರಿಂದ ಬ್ಲಾಗು ಹಾಗೂ ಸಾಮಾಜಿಕ ಜಾಲತಾಣಗಳು ನಮಗೆ ಕೇವಲ ಪ್ರಚಾರ ಸಾಧನಗಳಲ್ಲ. ಪ್ರಸಾರಾಂಗದ ಸ್ಥಾನವನ್ನೇ ತುಂಬಬಲ್ಲ ಮಾಧ್ಯಮಗಳು. ಅವುಗಳ ಬಳಕೆಯ ಸ್ವರೂಪವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂದು ವಿಶ್ವವಿದ್ಯಾಲಯಗಳ ಪುಟಗಳಲ್ಲಿ ಹೆಚ್ಚಾಗಿ ಕಾಣುವುದು ವಿಚಾರಸಂಕಿರಣದ ಆಹ್ವಾನಪತ್ರ, ದೀಪ ಬೆಳಗಿಸುವ ಚಿತ್ರ, ಶಾಲು ಹೊದಿಸಿದ ಚಿತ್ರ. ಅಲ್ಲಿ ಮಂಡಿತವಾದ ವಿಚಾರವೇನೆಂಬುದು ಮಾತ್ರ ತಿಳಿಯುವುದಿಲ್ಲ. ನಮ್ಮ ಮಧ್ಯಕಾಲೀನ ಪರಂಪರೆಯಲ್ಲಿ ಇದಕ್ಕಿಂತ ಉತ್ತಮವಾದ ಮಾದರಿಯಿದೆ. ಕುಮಾರವ್ಯಾಸನ ಕಾವ್ಯವು ಅಕ್ಷರವರಿಯದವರ ಮನೆಯನ್ನೂ ಮುಟ್ಟಿದ್ದು ಗಮಕದ ಮೂಲಕ. ಒಬ್ಬರು ಪದ್ಯವನ್ನು ವಾಚಿಸಿದರೆ ಮತ್ತೊಬ್ಬರು ವ್ಯಾಖ್ಯಾನಿಸುತ್ತಿದ್ದರು. ಮೂಲವೂ ಉಳಿಯಿತು, ಅರ್ಥವೂ ಹರಡಿತು. ಹೊರನಾಡಿನಲ್ಲಿ ಬೆಳೆದ ಎರಡನೆಯ ತಲೆಮಾರಿನ ಅನೇಕರು ಕನ್ನಡವನ್ನು ಕಿವಿಯಿಂದ ಬಲ್ಲರು, ಲಿಪಿಯಿಂದ ಅರಿಯರು. ಅವರಿಗೆ ಹತ್ತು ನಿಮಿಷದ ಧ್ವನಿಮುದ್ರಿತ ವಾಚನ-ವ್ಯಾಖ್ಯಾನವು ನಲವತ್ತು ಪುಟದ ಪ್ರಬಂಧಕ್ಕಿಂತ ಹತ್ತಿರವಾದುದು.

ಈ ಕಾರ್ಯವನ್ನು ನಾವು ಕೈಗೊಳ್ಳದಿದ್ದರೆ ಆಗುವ ಹಾನಿಯನ್ನೂ ಗಮನಿಸಬೇಕು. ಯಾರೋ ಬರೆದ ಸುಭಾಷಿತಕ್ಕೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಜೋಡಿಸಿ, ಬಸವಣ್ಣನವರ ವಚನವೆಂದು ವಾಟ್ಸಾಪಿನಲ್ಲಿ ಹರಿಯಬಿಡುವುದು ಇಂದು ಸಾಮಾನ್ಯವಾಗಿದೆ. ಹಸ್ತಪ್ರತಿಗಳಲ್ಲಿ ಪ್ರಕ್ಷೇಪಗಳು ಸೇರಿಕೊಳ್ಳಲು ತಲೆಮಾರುಗಳು ಬೇಕಾಗುತ್ತಿದ್ದವು. ಈಗ ಒಂದು ಬೆಳಗು ಸಾಕು. 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಅವನ್ನು ಪರಿಶೀಲಿಸಿ, ಇಂತಹ ಪಾಠ ಅಲ್ಲಿ ಇದೆ ಅಥವಾ ಇಲ್ಲ ಎಂದು ಹತ್ತು ಸಾಲಿನ ಟಿಪ್ಪಣಿ ಬರೆಯುವುದು ಸಂಶೋಧಕನಿಗೆ ಕಷ್ಟವೇನಲ್ಲ. ವಿದ್ವಾಂಸರ ಮೌನವೇ ಸುಳ್ಳುಪಾಠಕ್ಕೆ ಆಶ್ರಯವಾಗುತ್ತಿದೆಯೆಂಬುದನ್ನು ವಿಷಾದದಿಂದ ಒಪ್ಪಿಕೊಳ್ಳಬೇಕಾಗಿದೆ.

ಮಾಧ್ಯಮಗಳ ಗುಣಭೇದವನ್ನು ಅರಿತು ಅವುಗಳನ್ನು ಬಳಸಬೇಕು. ಫೇಸ್‌ಬುಕ್ಕು, ವಾಟ್ಸಾಪುಗಳು ಹರಿಯುವ ನೀರು. ಮೂರು ತಿಂಗಳ ಹಿಂದಿನ ಬರಹವನ್ನು ಅಲ್ಲಿ ಹುಡುಕಿ ತೆಗೆಯುವುದು ಪ್ರಯಾಸದ ಕೆಲಸ. ಬ್ಲಾಗಿನಲ್ಲಿಯಾದರೋ ಪ್ರತಿಯೊಂದು ಬರಹಕ್ಕೂ ಪ್ರತ್ಯೇಕ ವಿಳಾಸವಿರುತ್ತದೆ, ದಿನಾಂಕವಿರುತ್ತದೆ. ಆದ್ದರಿಂದ ಅದು ಕಣಜ. ಪೂರ್ಣ ಲೇಖನವನ್ನು ಬ್ಲಾಗಿನಲ್ಲಿಟ್ಟು, ಅದರ ಸಾರವನ್ನೂ ವಿಳಾಸವನ್ನೂ ಜಾಲತಾಣಗಳಲ್ಲಿ ಕೊಡುವುದು ಯುಕ್ತವಾದ ಕ್ರಮ. ಬರಹವನ್ನು ಚಿತ್ರರೂಪದಲ್ಲಿ ಹಾಕುವ ರೂಢಿಯನ್ನು ಬಿಡಬೇಕು. ಚಿತ್ರದೊಳಗಿನ ಅಕ್ಷರಗಳು ಶೋಧಕ್ಕೆ ಸುಲಭವಾಗಿ ಸಿಗುವುದಿಲ್ಲ. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಆ ಬಳಿಕವೂ ಬಹುಕಾಲ ನಮ್ಮ ಪುಸ್ತಕಗಳನ್ನು ಬೇರೆ ಬೇರೆ ಸಂಕೇತಕ್ರಮದ ಅಕ್ಷರಗಳಲ್ಲಿ ಜೋಡಿಸಲಾಯಿತು. ಅಂತಹ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಕರಡು ತಿದ್ದಿ, ಬಳಿಕವೇ ಪ್ರಕಟಿಸಬೇಕು.

ಇನ್ನು ಕೆಲವು ನಿಯಮಗಳು. ಉದ್ಧರಿಸಿದ ಪದ್ಯ ಯಾವ ಆವೃತ್ತಿಯದು, ಎಷ್ಟನೆಯದು ಎಂಬುದನ್ನು ಕಿರುಬರಹದಲ್ಲಿಯೂ ಸೂಚಿಸಬೇಕು. ತಪ್ಪು ಕಂಡುಬಂದಾಗ ಸದ್ದಿಲ್ಲದೆ ಅಳಿಸದೆ, ದಿನಾಂಕಸಹಿತವಾಗಿ ತಿದ್ದುಪಡಿಯನ್ನು ಪ್ರಕಟಿಸಬೇಕು. ಖಾತೆಯು ವ್ಯಕ್ತಿಯ ಹೆಸರಿನಲ್ಲಿರದೆ ಪೀಠದ ಹೆಸರಿನಲ್ಲಿರಬೇಕು. ಇಲ್ಲವಾದರೆ ಯೋಜನಾ ಸಹಾಯಕರು ಕೆಲಸ ಬಿಟ್ಟುಹೋದ ದಿನವೇ ಪುಟವೂ ಮೂಕವಾಗುತ್ತದೆ. ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಮನೆಯ ಅಟ್ಟದಲ್ಲಿರುವ ತಾಳೆಗರಿಯ ಕಟ್ಟನ್ನು ಕುರಿತು ಯಾರಾದರೂ ಬರೆದು ಕೇಳಿದರೆ, ಆ ಒಂದು ಪತ್ರ ಸಾವಿರ ಮೆಚ್ಚುಗೆಯ ಗುರುತುಗಳಿಗಿಂತ ಬೆಲೆಯುಳ್ಳದ್ದು.

ಇಂತಹ ಬರಹದಿಂದ ಸಂಶೋಧನೆಯ ಘನತೆ ಕುಂದುವುದೆಂಬ ಆಕ್ಷೇಪವುಂಟು. ವ್ಯಾಖ್ಯಾನದಿಂದ ಕುಮಾರವ್ಯಾಸನ ಘನತೆ ಕುಂದಲಿಲ್ಲ. ಸಂಶೋಧನ ಪ್ರಬಂಧಕ್ಕೆ ಬ್ಲಾಗು ಪರ್ಯಾಯವಲ್ಲ, ಅದರ ವ್ಯಾಖ್ಯಾನ. ತರುಣ ಸಂಶೋಧಕರ ಈ ದುಡಿಮೆಯನ್ನು ವಿಭಾಗಗಳು ವಿದ್ವತ್ಕಾರ್ಯವೆಂದು ಮನ್ನಿಸುವುದು ಅವಶ್ಯಕ. ಹೊರನಾಡಿನ ಪ್ರತಿಯೊಂದು ಪೀಠವೂ ತಿಂಗಳಿಗೆ ಒಂದು ಪಾಠವನ್ನೆತ್ತಿಕೊಂಡು, ವಾಚನ, ವ್ಯಾಖ್ಯಾನ, ಆಕರಸೂಚನೆಗಳೊಡನೆ ಪ್ರಕಟಿಸಿದರೆ ವರ್ಷಾಂತ್ಯಕ್ಕೆ ಹನ್ನೆರಡು ವಿಶ್ವಾಸಾರ್ಹ ಪಾಠಗಳು ಸಿದ್ಧವಾಗುತ್ತವೆ. ಈ ಮಿತವಾದ ಆರಂಭವನ್ನು ವಿದ್ವನ್ಮಿತ್ರರು ಪರಿಶೀಲಿಸಬೇಕೆಂದು ಕೋರುತ್ತೇವೆ.