ಬಿಸಿಲಿನಲ್ಲಿ ಗುಂಪಿನ ಕಾಲ್ನಡಿಗೆ

ದೂರದ ಕಾಲ್ನಡಿಗೆಗೆ ಹೊರಡುವವರು ಕಾಲಿನ ಬಲವನ್ನು ಕುರಿತು ಬಹಳ ಯೋಚಿಸುತ್ತಾರೆ. ನೀರನ್ನು ಕುರಿತು ಯೋಚಿಸುವವರು ಕಡಮೆ. ಕಾರ್ತೀಕದಲ್ಲಿ ಗೂಳೂರಿನ ಮಹಾಗಣಪತಿಯ ದರ್ಶನಕ್ಕೆ ತುಮಕೂರಿನಿಂದ ನಡೆದು ಬರುವವರಿಗೆ ಇದರಿಂದ ಹಾನಿಯೇನೂ ಇಲ್ಲ. ಆದರೆ ಅದೇ ಗೂಳೂರಿನಿಂದ ಕುಣಿಗಲ್ ರಸ್ತೆ ಹಿಡಿದು, ನಾಗವಲ್ಲಿ, ಹೆಬ್ಬೂರುಗಳನ್ನು ದಾಟಿ, ಚೈತ್ರದ ರಥೋತ್ಸವಕ್ಕೆಂದು ಎಡೆಯೂರಿನವರೆಗೆ ನಡೆಯುವ ಮಾತು ಬೇರೆ. ದಾರಿ ಸುಮಾರು ೫೦ ಕಿಲೋಮೀಟರು. ಮಧ್ಯಾಹ್ನದ ಉಷ್ಣತೆ ೩೫ ಡಿಗ್ರಿಯನ್ನು ದಾಟುವ ಕಾಲ.

ಶರೀರದ ಸಹಜ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ನಡೆಯುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಶಾಖವಾಗಿಯೇ ಪರಿಣಮಿಸುತ್ತದೆ. ಸುತ್ತಲಿನ ಗಾಳಿಯೂ ಮೈಯಷ್ಟೇ ಬಿಸಿಯಾದಾಗ ಈ ಶಾಖವನ್ನು ಕಳೆಯಲು ಉಳಿಯುವ ಉಪಾಯ ಬೆವರೊಂದೇ. ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರು ಬೆವರು ಮೈಮೇಲೆ ಆರಿದರೆ ಸುಮಾರು ೫೮೦ ಕಿಲೋಕ್ಯಾಲೊರಿ ಶಾಖ ಹೊರಟುಹೋಗುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ತೊಟ್ಟಿಕ್ಕುತ್ತದೆ, ಸುಲಭವಾಗಿ ಆರುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಬೇಗನೆ ಆರುತ್ತದೆ. ಇದು ಅನುಕೂಲವೂ ಹೌದು, ಮೋಸವೂ ಹೌದು. ಅಂಗಿ ಒಣಗಿಯೇ ಇರುವುದರಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದೇ ಇಲ್ಲ. ಬಿಸಿಲಿನ ನಡಿಗೆಯಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರಿನಷ್ಟು ಹೋಗುವುದುಂಟು. ೫೦ ಕಿಲೋ ತೂಕದವನು ಒಂದು ಲೀಟರು ಕಳೆದುಕೊಂಡನೆಂದರೆ ತೂಕದಲ್ಲಿ ನೂರಕ್ಕೆ ಎರಡು ಪಾಲು ಹೋದಂತಾಯಿತು. ಅಲ್ಲಿಂದ ಮುಂದೆ ನಡಿಗೆ ಕುಂದುತ್ತದೆ, ತಲೆ ನೋಯುತ್ತದೆ, ಸಿಡುಕು ಹೆಚ್ಚುತ್ತದೆ.

ಒಬ್ಬನೇ ನಡೆಯುವವನು ದಣಿದಲ್ಲಿ ಕುಳಿತುಬಿಡುತ್ತಾನೆ. ಗುಂಪಿನಲ್ಲಿ ಹಾಗೆ ಕುಳಿತುಕೊಳ್ಳಲು ನಾಚಿಕೆ. ಮುಂದೆ ಹೋದವರು ಮರದಡಿ ಕುಳಿತು ಕಾಯುತ್ತಾರೆ, ನಿಜ; ಆದರೆ ಹಿಂದೆ ಬಿದ್ದವನು ಬಂದು ಸೇರುವ ಹೊತ್ತಿಗೆ ಅವರು ದಣಿವಾರಿಸಿಕೊಂಡು ಎದ್ದಿರುತ್ತಾರೆ. ಹೀಗಾಗಿ ವಿಶ್ರಾಂತಿ ಯಾರಿಗೆ ಅವಶ್ಯವೋ ಅವನಿಗೇ ಅದು ದೊರೆಯುವುದಿಲ್ಲ. ಇನ್ನು ವಿದ್ಯಾರ್ಥಿನಿಯರು ದಾರಿಯಲ್ಲಿ ಮರೆಯ ಸ್ಥಳವಿಲ್ಲವೆಂಬ ಸಂಕೋಚದಿಂದ ನೀರನ್ನೇ ಕುಡಿಯದಿರುವುದುಂಟು. ಸಂಚಾಲಕರು ಇದನ್ನು ಮೊದಲೇ ಯೋಚಿಸಿ ಏರ್ಪಾಡು ಮಾಡದಿದ್ದರೆ ಅವರ ಉಪದೇಶವೆಲ್ಲ ವ್ಯರ್ಥ. ಆದುದರಿಂದ ನಿಲ್ಲುವ ಜಾಗ, ಕುಡಿಯುವ ವೇಳೆ ಇವುಗಳನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಡದೆ ಗುಂಪೇ ಮುಂಚಿತವಾಗಿ ನಿಶ್ಚಯಿಸಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ದಂಡಿಯಾತ್ರೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ೧೯೩೦ರ ಮಾರ್ಚ್ ೧೨ರಿಂದ ಏಪ್ರಿಲ್ ೫ರವರೆಗೆ ಸಾಬರಮತಿಯಿಂದ ದಂಡಿಗೆ ನಡೆದ ದೂರ ಸುಮಾರು ೩೮೫ ಕಿಲೋಮೀಟರು. ಗಾಂಧೀಜಿಯವರಿಗೆ ಅರುವತ್ತು ದಾಟಿತ್ತು. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿಗೆ ಇಪ್ಪತ್ತು ತುಂಬಿರಲಿಲ್ಲ. ಆ ಗುಂಪು ಬೆಳಗಿನಲ್ಲಿ ಒಮ್ಮೆ, ಸಂಜೆ ಒಮ್ಮೆ ನಡೆಯಿತು. ನಡುಹಗಲು ಯಾವುದಾದರೂ ಹಳ್ಳಿಯಲ್ಲಿ ತಂಗಿತು. ಸೋಮವಾರ ನಡಿಗೆಗೆ ಬಿಡುವು. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ‘ಅರುಣ ಟುಕಡಿ’ ಎಂಬ ತಂಡ ಮುಂಚೆಯೇ ಹಳ್ಳಿಗಳಿಗೆ ಹೋಗಿ ಊಟ, ವಸತಿ, ಶೌಚಗಳ ವ್ಯವಸ್ಥೆ ಮಾಡುತ್ತಿತ್ತು. ಚರಿತ್ರೆಯ ಪರೀಕ್ಷೆಗೆ ನಾವು ಓದುವ ದಂಡಿಯಲ್ಲಿ ಈ ವಿದ್ಯಾರ್ಥಿಗಳ ಮಾತು ಬರುವುದು ಅಪರೂಪ.

ಈ ಕ್ರಮವನ್ನೇ ನಮ್ಮ ದಾರಿಗೆ ಅನ್ವಯಿಸೋಣ. ಬೆಳಗಿನ ಐದಕ್ಕೆ ಗೂಳೂರನ್ನು ಬಿಟ್ಟರೆ ಬಿಸಿಲು ಬಲಿಯುವುದರೊಳಗೆ ಹೆಬ್ಬೂರನ್ನು ಸೇರಬಹುದು. ಅಲ್ಲಿ ನಾಲ್ಕರವರೆಗೆ ನೆರಳು, ರಾತ್ರಿಗೆ ಕುಣಿಗಲ್ಲು, ಎಡೆಯೂರು ಮರುದಿನಕ್ಕೆ. ಒಂದೇ ದಿನದಲ್ಲಿ ಮುಗಿಸುತ್ತೇವೆಂಬ ಪಂಥ ಬೇಡ.

ಏನನ್ನು ಕುಡಿಯಬೇಕೆಂಬುದನ್ನು ನಮ್ಮ ಹಿರಿಯರ ಅರವಟ್ಟಿಗೆಗಳಲ್ಲೇ ಕಾಣಬಹುದು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬೆವರಿದುದಕ್ಕಿಂತ ಹೆಚ್ಚಾಗಿ ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಉಪ್ಪಿನಂಶ ಇಳಿದು ಅದೂ ಅಪಾಯಕರ. ಉಪ್ಪು ಬೆರೆಸಿದ ನೀರುಮಜ್ಜಿಗೆ, ಬೆಲ್ಲದ ಪಾನಕ, ಸೌತೆಕಾಯಿಯ ಕೋಸಂಬರಿ ಇವು ರಾಮನವಮಿಯ ರುಚಿಗಾಗಿ ಮಾತ್ರ ಹುಟ್ಟಿದವಲ್ಲವೆಂದು ತೋರುತ್ತದೆ. ಸಣ್ಣ ಕರುಳಿನಲ್ಲಿ ಗ್ಲೂಕೋಸಿನ ಜೊತೆಯಲ್ಲಿ ಸೋಡಿಯಂ ಒಳಸೇರುತ್ತದೆ, ಅವುಗಳ ಹಿಂದೆ ನೀರು. ೧೯೭೧ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲಾನಬೀಸರು ಇದೇ ತತ್ವದಿಂದ ಸಾವಿರಾರು ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸಿನ ನೀರು ಕುಡಿಸಿದರು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಚಮಚ ಗೋಪುರವಾಗಿರಬಾರದು, ಸಮವಾಗಿರಬೇಕು. ಮೂತ್ರ ಕಡುಹಳದಿಯಾದರೆ ಕುಡಿದದ್ದು ಸಾಲದೆಂದು ತಿಳಿಯಬೇಕು.

ತಲೆಸುತ್ತು, ಓಕರಿಕೆ, ಮೀನಖಂಡದ ಸೆಳೆತ ಕಂಡವನನ್ನು ನೆರಳಿನಲ್ಲಿ ಮಲಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾನೆ. ಆದರೆ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಕೇಳಿದ್ದಕ್ಕೆ ಅಸಂಬದ್ಧವಾಗಿ ಉತ್ತರಿಸಿದರೆ ಅದು ಆಯಾಸವಲ್ಲ, ಪ್ರಾಣಾಪಾಯ. ಮೈಯೊಳಗಿನ ಉಷ್ಣತೆ ೪೦ ಡಿಗ್ರಿಯನ್ನು ಮುಟ್ಟಿರಬಹುದು. ಬೆವರು ನಿಂತಿಲ್ಲವೆಂದು ಸಮಾಧಾನ ಪಡಬಾರದು. ನಡೆದು ಬಂದವನಲ್ಲಿ ಬೆವರು ಹರಿಯುತ್ತಿರುವಾಗಲೂ ಹೀಗಾಗಬಹುದು. ಒಬ್ಬರು ೧೦೮ಕ್ಕೆ ಕರೆಮಾಡುತ್ತಿರುವಾಗಲೇ ಉಳಿದವರು ಇದ್ದ ನೀರನ್ನೆಲ್ಲ ಅವನ ಮೈಮೇಲೆ ಸುರಿದು, ಟವಲಿನಿಂದ ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು, ಅದು ಶ್ವಾಸನಾಳಕ್ಕಿಳಿಯುತ್ತದೆ. ವಾಹನ ಬರುವವರೆಗೂ, ಬಂದ ಮೇಲೆ ಅದರೊಳಗೂ, ತಂಪು ಮಾಡುವ ಕೆಲಸ ನಿಲ್ಲಬಾರದು.