ಸಾಕು ಎಂಬ ಅಳತೆ: ಲೊಕ್ಕನಹಳ್ಳಿ ಸೀಮೆಯ ರೂಢಿಗಳಲ್ಲಿ ಸರಳ ಬದುಕು

ಸರಳ ಬದುಕು ಎಂದೊಡನೆ ಮನೆಮಠ ತೊರೆದ ಸನ್ಯಾಸಿಯ ಚಿತ್ರ ಕಣ್ಣ ಮುಂದೆ ನಿಲ್ಲುವುದು ವಾಡಿಕೆಯಾಗಿದೆಯಾದರೂ, ಲೋಕದಲ್ಲಿ ಸರಳವಾಗಿ ಬದುಕಿದವರಲ್ಲಿ ಹೆಚ್ಚಿನವರು ಹೊಲ ಉತ್ತವರು, ಮಕ್ಕಳನ್ನು ಹೆತ್ತವರು, ಸಂತೆಗೆ ಹೋಗಿ ಉಪ್ಪು ಮೆಣಸಿನಕಾಯಿ ಕೊಂಡು ತಂದವರೇ ಆಗಿದ್ದಾರೆ. ಅವರನ್ನು ನಡೆಸಿದ್ದು ತ್ಯಾಗದ ಸಂಕಲ್ಪಕ್ಕಿಂತ ಹೆಚ್ಚಾಗಿ ಅಳತೆಯ ಅರಿವು. ಕನ್ನಡದಲ್ಲಿ ಆ ಅರಿವಿಗೆ ‘ಸಾಕು’ ಎಂಬ ಎರಡೇ ಅಕ್ಷರದ ಪದವಿದೆ. ಊಟದ ಎಲೆಯ ಮುಂದೆ ಕೈ ಅಡ್ಡ ಹಿಡಿದು ಹೇಳಿದಾಗ ಅದು ‘ಇನ್ನು ಬೇಡ’ ಎಂಬ ಅರ್ಥವನ್ನೂ, ದನವನ್ನೋ ಮಗುವನ್ನೋ ಕುರಿತು ಹೇಳಿದಾಗ ‘ಪೊರೆ, ಸಲಹು’ ಎಂಬ ಅರ್ಥವನ್ನೂ ಕೊಡುತ್ತದೆ. ನಿಲ್ಲಿಸುವ ಮಾತು ಮತ್ತು ಸಲಹುವ ಮಾತು ಒಂದೇ ರೂಪದಲ್ಲಿರುವುದು ಕಾಕತಾಳೀಯವೇ ಇದ್ದೀತು. ಆದರೂ ಈ ಅಧ್ಯಾಯದಲ್ಲಿ ವಿವರಿಸುವ ರೂಢಿಗಳನ್ನು ನೋಡಿದರೆ ಎರಡು ಅರ್ಥಗಳೂ ಅಲ್ಲಿ ಜೊತೆಯಾಗಿಯೇ ನಡೆಯುತ್ತವೆ.

ಈ ರೂಢಿಗಳನ್ನು ಒಂದೆಡೆ ನೋಡಲು ಲೊಕ್ಕನಹಳ್ಳಿ ಸೀಮೆ ತಕ್ಕ ಜಾಗ. ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದು ಈಗ ಹನೂರು ತಾಲ್ಲೂಕಿಗೆ ಸೇರಿರುವ ಈ ಊರು ಬಿಳಿಗಿರಿರಂಗನ ಬೆಟ್ಟಸಾಲಿನ ಪೂರ್ವ ಮಗ್ಗುಲಿನಲ್ಲಿ, ಕೊಳ್ಳೇಗಾಲದಿಂದ ತಮಿಳುನಾಡಿನ ಹಾಸನೂರಿನ ಕಡೆಗೆ ಹೋಗುವ ದಾರಿಯಲ್ಲಿದೆ. 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಕೊಳ್ಳೇಗಾಲ ಸೀಮೆಯಲ್ಲಿ ಕನ್ನಡದ ಬೇಸಾಯಗಾರರು, ತಮಿಳಿನ ಒಡನಾಟ, ಕಾಡಿನ ಪೋಡುಗಳಲ್ಲಿ ಸೋಲಿಗರು, 1970ರ ದಶಕದಲ್ಲಿ ಬಂದು ಒಡೆಯರಪಾಳ್ಯದಲ್ಲಿ ನೆಲೆಗೊಂಡ ಟಿಬೆಟನ್ನರು, ಹೀಗೆ ಬೇರೆ ಬೇರೆ ಮೂಲದ ಬದುಕುಗಳು ಅಕ್ಕಪಕ್ಕದಲ್ಲಿವೆ. ಇವರ ನಂಬಿಕೆ, ನುಡಿ, ಅಡುಗೆ ಒಂದೇ ಅಲ್ಲ. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಆಯಾ ದಿನದ ಮನಸ್ಸಿಗೆ ಬಿಡದೆ ಮೊದಲೇ ಗೊತ್ತುಮಾಡಿಡುವ ಕ್ರಮ ಎಲ್ಲರಲ್ಲೂ ಕಾಣುತ್ತದೆ.

ಪಾವಿನ ಲೆಕ್ಕ

ಮೊದಲನೆಯ ರೂಢಿ ಒಲೆಯ ಬಳಿಯದು. ತಕ್ಕಡಿಗಳು ಮನೆಮನೆಗೆ ಬರುವ ಮುನ್ನ ಕಾಳನ್ನು ಅಳೆಯುತ್ತಿದ್ದುದು ಸೇರು, ಅಚ್ಚೇರು, ಪಾವು, ಚಟಾಕುಗಳಿಂದ. ಇವುಗಳಲ್ಲಿ ಪಾವು ಎಂದರೆ ಸೇರಿನ ಕಾಲುಭಾಗ ಹಿಡಿಯುವ ಪಾತ್ರೆ. ಇಷ್ಟು ಜನಕ್ಕೆ ಇಷ್ಟು ಪಾವು ಎಂಬ ಲೆಕ್ಕ ಮನೆಯಲ್ಲಿ ನೆಲೆಗೊಂಡ ಮೇಲೆ ಅಡುಗೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಗೊಂದಲ ದಿನವೂ ಏಳುವುದಿಲ್ಲ. ಹಾಗೊಮ್ಮೆ ಮುದ್ದೆ ಮಿಕ್ಕರೂ ಅದು ಮರುದಿನ ಮಜ್ಜಿಗೆಯಲ್ಲಿ ಕಿವುಚಿದ ತಂಗಳಾಗುತ್ತದೆಯೇ ಹೊರತು ತಿಪ್ಪೆ ಸೇರುವುದಿಲ್ಲ. ಮುದ್ದೆ, ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಉಪ್ಸಾರು, ಅದಕ್ಕೊಂದು ಅರೆದ ಖಾರ ಎಂಬ ಈ ಭಾಗದ ಊಟದಲ್ಲಿ ಪದಾರ್ಥಗಳು ಕಡಿಮೆ, ಪೌಷ್ಟಿಕತೆ ಕಡಿಮೆಯಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ, ಅಕ್ಕಿಯಲ್ಲಿ ಇರುವುದು ಅದರ ಅಲ್ಪಭಾಗ ಮಾತ್ರ. ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ ಧಾನ್ಯವಾದ್ದರಿಂದ, ಹಗೇವು ಎಂದು ಕರೆಯುವ ನೆಲದೊಳಗಿನ ಕಣಜದಲ್ಲಿ ಅದನ್ನು ತುಂಬಿಟ್ಟ ಮನೆಗೆ ಮುಂದಿನ ಮಳೆಯ ಚಿಂತೆ ಅಷ್ಟರಮಟ್ಟಿಗೆ ಹಗುರವಾಗುತ್ತಿತ್ತು.

ಹೊಲದಲ್ಲೂ ಇದೇ ವಿವೇಕ ಕೆಲಸ ಮಾಡುತ್ತದೆ. ರಾಗಿಯ ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳನ್ನು ಸಾಲುಬಿಟ್ಟು ಬಿತ್ತುವ ಪದ್ಧತಿಗೆ ಅಕ್ಕಡಿ ಎಂದು ಹೆಸರು. ಒಂದೇ ಬೆಳೆಯಿಂದ ಬರಬಹುದಾದ ಹೆಚ್ಚಿನ ಇಳುವರಿಯನ್ನು ಬೆನ್ನಟ್ಟದೆ, ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಎಣಿಕೆ ಇದರ ಹಿಂದಿದೆ. ಮಳೆಯನ್ನೇ ನಂಬಿದ ನೆಲದಲ್ಲಿ ಬೇಸಾಯಗಾರನ ನೆಮ್ಮದಿ ಅತಿ ಹೆಚ್ಚು ಪಡೆಯುವುದರಲ್ಲಿಲ್ಲ, ಪೂರ್ತಿ ಕಳೆದುಕೊಳ್ಳದಿರುವುದರಲ್ಲಿದೆ ಎಂಬುದನ್ನು ಅಕ್ಕಡಿಯ ಸಾಲುಗಳು ಮಾತಿಲ್ಲದೆ ಕಲಿಸುತ್ತವೆ.

ಒಪ್ಪತ್ತು ಮತ್ತು ನೊಗವಿಲ್ಲದ ದಿನ

ಹನೂರು ತಾಲ್ಲೂಕಿನಲ್ಲೇ ಇರುವ ಮಲೆ ಮಹದೇಶ್ವರ ಬೆಟ್ಟದ ಒಕ್ಕಲುಗಳಲ್ಲಿ ಸೋಮವಾರ ಮಾದಪ್ಪನ, ಅಂದರೆ ಮಹದೇಶ್ವರನ ವಾರ. ಆ ದಿನ ಒಪ್ಪತ್ತು ಇರುವವರು ಅನೇಕರು. ಒಪ್ಪತ್ತು ಎಂದರೆ ಒಂದು ಹೊತ್ತು, ಅಂದರೆ ದಿನಕ್ಕೆ ಒಂದೇ ಊಟ. ಅದು ಪೂರ್ತಿ ಉಪವಾಸವಲ್ಲದ ಕಾರಣ ದುಡಿಯುವ ಮೈಗೂ ಒಗ್ಗುವ ವ್ರತ. ಬಸವನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವ ಪದ್ಧತಿ ಕನ್ನಡ ನಾಡಿನ ಅನೇಕ ಕಡೆ ಇತ್ತು. ಎತ್ತು ನಿಂತ ದಿನ ಉಳುವವನೂ ನಿಲ್ಲಲೇಬೇಕಾದ್ದರಿಂದ, ಪ್ರಾಣಿಯ ಮೇಲಿನ ದಯೆಯ ಹೆಸರಿನಲ್ಲಿ ಮನುಷ್ಯನಿಗೂ ಬಿಡುವು ದಕ್ಕುತ್ತಿತ್ತು. ಇಲ್ಲಿ ಗಮನಿಸಬೇಕಾದುದು ವಾರದ ಪಾತ್ರ. ದಣಿದಾಗ ವಿಶ್ರಾಂತಿ, ಬೇಕೆನಿಸಿದಾಗ ಮಿತಾಹಾರ ಎಂದುಕೊಂಡವರಿಗೆ ಆ ಗಳಿಗೆ ಬರುವುದೇ ಇಲ್ಲ, ಏಕೆಂದರೆ ಕೆಲಸಕ್ಕೂ ಬಾಯಿರುಚಿಗೂ ಕೊನೆಯೆಂಬುದಿಲ್ಲ. ವಾರವು ಮಾತ್ರ ಯಾರ ಅನುಕೂಲವನ್ನೂ ಕೇಳದೆ ಏಳು ದಿನಕ್ಕೊಮ್ಮೆ ತಾನಾಗಿ ಬರುತ್ತದೆ.

ಬಿಟ್ಟು ಬರುವ ಕೈ

ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳಿದ ಸೋಲಿಗರ ರೂಢಿಗಳಲ್ಲಿ ಅಳತೆಯ ಅರಿವು ಇನ್ನೂ ಸೂಕ್ಷ್ಮವಾಗಿದೆ. ಪೋಡು ಎಂದು ಕರೆಯುವ ಪುಟ್ಟ ನೆಲೆಗಳಲ್ಲಿ ವಾಸಿಸುವ ಇವರು ನೂರೆಯಂತಹ ಕಾಡುಗೆಡ್ಡೆಯನ್ನು ಅಗೆದಾಗ ಬಳ್ಳಿ ಅಂಟಿಕೊಂಡ ತಲೆಯ ಭಾಗವನ್ನು ಮಣ್ಣಿಗೇ ಬಿಟ್ಟು ಮುಚ್ಚುವುದರಿಂದ, ಮಳೆ ಬಿದ್ದಾಗ ಅದೇ ಕುಣಿಯಲ್ಲಿ ಬಳ್ಳಿ ಮತ್ತೆ ಚಿಗುರುತ್ತದೆ. ದೊಡ್ಡ ಮರಗಳಲ್ಲೂ ಬಂಡೆಗಳಲ್ಲೂ ತಟ್ಟಿ ಕಟ್ಟುವ ಹೆಜ್ಜೇನನ್ನು ಕೀಳುವಾಗ ಎಲ್ಲವನ್ನೂ ಬರಿದು ಮಾಡದೆ ಒಂದು ಪಾಲನ್ನು ಉಳಿಸುವುದು ಹಿರಿಯರಿಂದ ಬಂದ ಕಟ್ಟಳೆ; ಮರ ಹತ್ತಲಾರದ ಹುಲಿಗೂ ಒಂದು ಪಾಲು ಸಲ್ಲಬೇಕು ಎಂಬ ಹೇಳಿಕೆಯೂ ಅವರಲ್ಲಿದೆ. ಹೊಸ ರಾಗಿಯನ್ನು ದೇವರಿಗೆ ಒಪ್ಪಿಸುವ ರೊಟ್ಟಿಹಬ್ಬದಲ್ಲಿಯೂ ಕಾಣುವುದು ತಡೆದು ಮುಟ್ಟುವ, ಕೊಟ್ಟು ಉಣ್ಣುವ ಇದೇ ಗುಣ.

ಹೊರಗಿನವರಿಗೆ ಇದು ಬರೀ ನಂಬಿಕೆಯಂತೆ ತೋರಬಹುದಾದರೂ, ನಂಬಿಕೆಯ ಒಳಗೆ ಲೆಕ್ಕವಿದೆ. ಕಾಡಿನ ಕಣಜಕ್ಕೆ ಬೀಗವಿಲ್ಲ, ಇಂದು ಬಿಟ್ಟ ಪಾಲೇ ನಾಳೆಯ ಇಡುಗಂಟು. ಹೀಗಾಗಿ ‘ಇನ್ನು ಬೇಡ’ ಎಂಬ ಸಾಕು ಇಲ್ಲಿ ಕಾಡನ್ನು ‘ಸಲಹು’ ಎಂಬ ಸಾಕೂ ಆಗುತ್ತದೆ.

ಏಳು ಬಟ್ಟಲ ನೀರು

ಒಡೆಯರಪಾಳ್ಯದ ಟಿಬೆಟನ್ ನೆಲೆಗೆ ಧೋಂಡೆನ್‌ಲಿಂಗ್ ಎಂದು ಹೆಸರು. ಜೋಗ್ಚೆನ್ ಪರಂಪರೆಯ ದೊಡ್ಡ ಮಠವೊಂದು ಅಲ್ಲಿದೆ. ನೆಲ ಕಳೆದುಕೊಂಡು ಬಂದು ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಸ್ವೆಟರು ಮಾರಿ ಬದುಕು ಕಟ್ಟಿಕೊಂಡ ಈ ಜನರ ಮನೆಗಳಲ್ಲಿ ದಿನ ಶುರುವಾಗುವುದು ಬುದ್ಧನ ಪಟದ ಮುಂದೆ ಸಾಲಾಗಿಟ್ಟ ಬಟ್ಟಲುಗಳಿಗೆ, ಸಾಮಾನ್ಯವಾಗಿ ಏಳಕ್ಕೆ, ನೀರು ತುಂಬುವುದರಿಂದ. ಸಂಜೆ ಆ ನೀರನ್ನು ಚೆಲ್ಲಿ, ಬಟ್ಟಲನ್ನು ಒರೆಸಿ ಬೋರಲು ಹಾಕುತ್ತಾರೆ. ನೀರನ್ನೇ ಏಕೆ ಅರ್ಪಿಸಬೇಕೆಂಬುದಕ್ಕೆ ಬೌದ್ಧರು ಕೊಡುವ ವಿವರಣೆ ಅರ್ಥಪೂರ್ಣವಾಗಿದೆ: ಬೆಲೆಬಾಳುವ ವಸ್ತುವನ್ನು ಕೊಡುವಾಗ ಮನಸ್ಸಿನ ಮೂಲೆಯಲ್ಲಿ ಜಿಪುಣತನವೋ ಜಂಬವೋ ಇಣುಕುತ್ತದೆ, ನೀರನ್ನು ಕೊಡುವಾಗ ಎರಡಕ್ಕೂ ಎಡೆಯಿಲ್ಲ. ನೂರೆಂಟು ಮಣಿಯ ಜಪಮಾಲೆಯನ್ನು ಎಣಿಸುತ್ತ ಗುಡಿಯನ್ನು ಬಲಗೊಳ್ಳುವ ವೃದ್ಧರ ನಡಿಗೆಗೆ ಟಿಬೆಟನ್ನರು ‘ಕೋರಾ’ ಎನ್ನುತ್ತಾರೆ. ಮೈಗೆ ವ್ಯಾಯಾಮ, ಬಾಯಿಗೆ ಮಂತ್ರ, ಜೊತೆಗೆ ನಡೆವವರ ಒಡನಾಟ ಮೂರೂ ಒಂದೇ ಸುತ್ತಿನಲ್ಲಿ ಕೂಡಿಬರುವ ಈ ರೂಢಿಗೆ ಯಾವ ಉಪಕರಣವೂ ಬೇಕಾಗಿಲ್ಲ.

ಆಯ್ಕೆಯ ಹೊರೆ

ಬೇರೆ ಬೇರೆ ಕವಲಿನ ಈ ರೂಢಿಗಳು ಮನಸ್ಸನ್ನು ಹಗುರಗೊಳಿಸುವ ಬಗೆಯನ್ನು ಅರಿಯಲು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ಅವರ ಚಿಂತನೆ ನೆರವಾಗುತ್ತದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಸೈಮನ್, ಮನುಷ್ಯರು ಎಲ್ಲ ಸಾಧ್ಯತೆಗಳನ್ನೂ ತೂಗಿ ಅತ್ಯುತ್ತಮವಾದುದನ್ನೇ ಆರಿಸುತ್ತಾರೆಂಬ ಎಣಿಕೆಯನ್ನು ಒಪ್ಪದೆ, ಮೊದಲೇ ಇಟ್ಟುಕೊಂಡ ಮಟ್ಟಕ್ಕೆ ತಕ್ಕುದು ಸಿಕ್ಕೊಡನೆ ಹುಡುಕಾಟ ನಿಲ್ಲಿಸುತ್ತಾರೆಂದು 1950ರ ದಶಕದಲ್ಲಿ ವಾದಿಸಿದರು. ಇದನ್ನು ಕನ್ನಡದಲ್ಲಿ ‘ಸಾಕೆನಿಸುವ ಆಯ್ಕೆ’ ಎನ್ನಬಹುದು. ಬಟ್ಟೆಯಂಗಡಿಯಲ್ಲಾಗಲಿ ಮೊಬೈಲಿನ ಪರದೆಯಲ್ಲಾಗಲಿ ಇನ್ನೂ ಒಳ್ಳೆಯದು ಇದ್ದೀತು ಎಂಬ ಹುಡುಕಾಟಕ್ಕೆ ಕೊನೆಯಿಲ್ಲ; ಮಟ್ಟವನ್ನು ಮೊದಲೇ ಗೊತ್ತುಮಾಡಿಕೊಂಡವರಿಗೆ ಹುಡುಕಾಟ ಬೇಗ ಮುಗಿಯುತ್ತದೆ, ಮುಗಿದ ಮೇಲೆ ಕೊರಗೂ ಕಡಿಮೆ. ಪಾವು, ವಾರ, ಕಟ್ಟಳೆ, ಬಟ್ಟಲು ಇವೆಲ್ಲ ಅಂತಹ ಮಟ್ಟಗಳೇ.

ಬಡತನಕ್ಕೆ ಸರಳತೆಯ ಹೆಸರು ಸಲ್ಲದು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ತಾನಾಗಿ ಗೆರೆ ಎಳೆದುಕೊಂಡು ‘ಸಾಕು’ ಎನ್ನುವುದು ಬೇರೆ, ಇಲ್ಲದೆ ಸುಮ್ಮನಿರುವುದು ಬೇರೆ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಧಾಮವಾದಾಗ ಸೋಲಿಗರ ಕಾಡಿನ ಬೇಸಾಯ ಮತ್ತು ಬೇಟೆಗೆ ತಡೆ ಬಿತ್ತು. 2006ರಲ್ಲಿ ಜೇನು, ನೆಲ್ಲಿ, ಪಾಚಿಯಂತಹ ಕಿರು ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ನಿಷೇಧ ಬಂದಾಗ ಅನೇಕ ಕುಟುಂಬಗಳ ಆದಾಯ ಕುಸಿಯಿತು. ತಾವಾಗಿ ಒಂದು ಪಾಲು ಬಿಟ್ಟು ಬರುತ್ತಿದ್ದವರ ಕೈಗೆ ಹೊರಗಿನಿಂದ ಬಂದ ಈ ಮಿತಿ ನೆಮ್ಮದಿ ತರಲಿಲ್ಲ, ಆತಂಕ ತಂದಿತು. ಅದೇ 2006ರ ಅರಣ್ಯ ಹಕ್ಕು ಕಾಯ್ದೆಯ ಆಧಾರದ ಮೇಲೆ 2011ರಲ್ಲಿ, ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲೇ, ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತಾಗ, ಎಷ್ಟು ತೆಗೆಯಬೇಕು ಎಷ್ಟು ಬಿಡಬೇಕು ಎಂಬ ಮಾತು ಮತ್ತೆ ಅವರ ಬಾಯಿಗೆ ಬಂದಿತು. ಬೇಕು ಎನ್ನುವ ಹಕ್ಕಿದ್ದವರ ಬಾಯಲ್ಲಿ ಮಾತ್ರ ಸಾಕು ಎಂಬ ಮಾತಿಗೆ ತೂಕವಿರುತ್ತದೆ.

ಮನೆಯೊಳಗೂ ಇದೇ ನ್ಯಾಯ ಅನ್ವಯಿಸುತ್ತದೆ. ಬೆಳಗಿನ ಜಾವ ರಾಗಿಕಲ್ಲು ಬೀಸಿ, ದೂರದಿಂದ ನೀರು ಹೊತ್ತು ತಂದ ಹೆಂಗಸಿನ ದುಡಿಮೆಯ ಮೇಲೆ ನಿಂತ ಸರಳತೆ ಉಣ್ಣುವವರಿಗಷ್ಟೇ ಸರಳ. ಹಿಟ್ಟಿನ ಗಿರಣಿಯೂ ನಲ್ಲಿಯೂ ಬಂದದ್ದರಿಂದ ಬದುಕು ಕೆಟ್ಟಿತೆಂದು ಹಲುಬುವುದರಲ್ಲಿ ಅರ್ಥವಿಲ್ಲ.

ರೂಢಿಯಾಗುವ ಬಗೆ

ಹಳೆಯ ಸೀಮೆಯ ಈ ಕ್ರಮಗಳನ್ನು ಹಾಗೆಯೇ ಪೇಟೆಯ ಮನೆಗೆ ತರಲಾಗದು, ಆದರೆ ಅವುಗಳ ಹುರುಳನ್ನು ತರಬಹುದು. ಅನ್ನಕ್ಕಿಡುವ ಮೊದಲು ಅಕ್ಕಿಯನ್ನು ಒಂದೇ ಲೋಟದಲ್ಲಿ ಅಳೆಯುವುದು, ವಾರದಲ್ಲಿ ಒಂದು ದಿನ ಏನನ್ನೂ ಕೊಳ್ಳದಿರುವುದು, ಕತ್ತಲಾದ ಮೇಲೆ ಇಂತಿಷ್ಟು ಹೊತ್ತಿಗೆ ಮೊಬೈಲನ್ನು ಬಟ್ಟಲಿನಂತೆ ಬೋರಲು ಹಾಕಿಡುವುದು, ಇವುಗಳಲ್ಲಿ ಯಾವುದಾದರೂ ಒಂದರಿಂದ ಆರಂಭಿಸಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ನಡವಳಿಕೆಯೊಂದು ಯೋಚಿಸದೆ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಮಾಂಕ 66 ದಿನಗಳಾಗಿದ್ದು, ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗಿತ್ತು. ನಡುವೆ ಒಮ್ಮೆ ತಪ್ಪಿದ್ದರಿಂದ ರೂಢಿಯ ಬೆಳವಣಿಗೆಗೆ ಹೆಚ್ಚಿನ ಧಕ್ಕೆಯೂ ಆಗಿರಲಿಲ್ಲ. ಒಂದು ಸೋಮವಾರದ ಒಪ್ಪತ್ತು ತಪ್ಪಿಸಿಕೊಂಡ ಮಾದಪ್ಪನ ಒಕ್ಕಲು ಈ ಅಧ್ಯಯನವನ್ನು ಓದಿರಬೇಕಾಗಿಲ್ಲ. ಮುಂದಿನ ಸೋಮವಾರ ಬಂದೇ ಬರುತ್ತದೆ ಎಂಬುದು ಅವರಿಗೆ ಗೊತ್ತಿದೆ.